ಎಳೆಯ ಮಗುವಿನ ಉಸಿರಿನ ಅಳತೆ: ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

ರೋಗಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಪ್ಲೇಗು, ಕಾಲರಾ, ಸಿಡುಬು ಮೊದಲಾದ ಮಾರಿಗಳನ್ನೇ ಆರಿಸಿಕೊಳ್ಳುವುದುಂಟು. ಅವುಗಳಿಗೆ ತಾರೀಖುಗಳಿವೆ, ಮಡಿದವರ ಲೆಕ್ಕವಿದೆ, ಸರಕಾರದ ಕಡತಗಳಿವೆ. ಉಬ್ಬಸಕ್ಕೆ ಇಂತಹ ಸಾಮಗ್ರಿಯ ಬೆಂಬಲ ಕಡಿಮೆ. ಅದು ಮಳೆಯ ಮೋಡದೊಡನೆ ಬಂದು, ಮಗುವೊಂದನ್ನು ರಾತ್ರಿಯೆಲ್ಲ ತಾಯಿಯ ಭುಜಕ್ಕೊರಗಿಸಿ ಕೂರಿಸಿ, ಬೆಳಗಿನ ಹೊತ್ತಿಗೆ ಇಳಿದುಹೋಗುವ ವ್ಯಾಧಿ. ವೈದ್ಯನ ಮುಂದೆ ಬಂದು ನಿಂತಾಗ ಎಷ್ಟೋ ಸಲ ಅದರ ಗುರುತೇ ಇರುವುದಿಲ್ಲ. ಆದುದರಿಂದಲೇ ಈ ರೋಗದ ವಿಷಯದಲ್ಲಿ ಅಳತೆಯ ಪ್ರಶ್ನೆ ಮುಖ್ಯವಾಗುತ್ತದೆ. ಶ್ವಾಸಕೋಶದ ಶಕ್ತಿಯನ್ನು ಅಳೆಯುವ ವಿದ್ಯೆ ಹೇಗೆ ಬೆಳೆಯಿತು, ಎಳೆಯ ಮಕ್ಕಳ ಮಟ್ಟಿಗೆ ಅದು ಏಕೆ ತಡವಾಗಿ ಬಂದಿತು, ಉತ್ತರ ಕನ್ನಡದ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಮಗುವಿನ ಉಸಿರನ್ನು ಇಂದು ಅಳೆದರೆ ಯಾರ ಅಳತೆಗೋಲಿನಿಂದ ಅಳೆದಂತಾಗುತ್ತದೆ ಎಂಬ ಸಂಗತಿಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ವೈದ್ಯಶಾಸ್ತ್ರದ ನಿರ್ಣಯಗಳನ್ನು ಕೊಡುವ ಅಧಿಕಾರ ನಮಗಿಲ್ಲ. ಆದರೆ ಅಂಕೆಗಳು ಎಲ್ಲಿಂದ ಬಂದವೆಂದು ಕೇಳುವ ಹಕ್ಕು ಚರಿತ್ರಕಾರನಿಗೆ ಉಂಟು.

ಮೊದಲು ಹೆಸರಿನ ಮಾತು. ಕನ್ನಡದಲ್ಲಿ ಉಬ್ಬಸ, ಗೂರಲು, ದಮ್ಮು ಎಂಬ ಮೂರು ಪದಗಳೂ ಈ ರೋಗಕ್ಕೆ ಬಳಕೆಯಲ್ಲಿವೆ. ಉಬ್ಬಸವೆಂಬುದಕ್ಕೆ ಆಯಾಸ, ಸಂಕಟ ಎಂಬ ವಿಶಾಲವಾದ ಅರ್ಥವೂ ಇದ್ದು, ರೋಗದ ಹೆಸರಾಗಿ ನಿಲ್ಲುವುದು ಅದರ ಒಂದು ಮಗ್ಗುಲು ಮಾತ್ರ. ಗೂರಲೆಂಬುದರಲ್ಲಿ ಎದೆಯ ಸದ್ದೇ ಕೇಳಿಸುತ್ತದೆ. ದಮ್ಮು ಪಾರಸಿ ಮೂಲದ್ದು. ಕೊಂಕಣಿಯ ದಮೊ ಎಂಬುದೂ ಅದರ ಬಂಧುವೇ. ಕನ್ನಡ, ಕೊಂಕಣಿ, ನವಾಯತಿ ಮಾತುಗಳು ಒಂದೇ ಪೇಟೆಯಲ್ಲಿ ಕಿವಿಗೆ ಬೀಳುವ ಈ ಕರಾವಳಿಯಲ್ಲಿ ರೋಗಕ್ಕೆ ಹಲವು ಹೆಸರುಗಳಿರುವುದು ಸಹಜವೇ. ಗ್ರೀಕ್ ಮೂಲದ ಆಸ್ತಮಾ ಎಂಬ ಮಾತಿಗೂ ಏದುಸಿರೆಂದೇ ಅರ್ಥ. ಗಮನಿಸತಕ್ಕ ವಿಷಯವೆಂದರೆ, ಈ ಹೆಸರುಗಳೆಲ್ಲವೂ ಕಂಡದ್ದನ್ನು, ಕೇಳಿದ್ದನ್ನು, ಪಟ್ಟ ಪಾಡನ್ನು ಹೇಳುತ್ತವೆಯೇ ಹೊರತು ಉಸಿರು ಎಷ್ಟು ಕಡಿಮೆಯಾಯಿತೆಂಬುದನ್ನು ಹೇಳುವುದಿಲ್ಲ.

ಕಾಣುವ ವಿದ್ಯೆಯಲ್ಲಿ ನಮ್ಮ ಪ್ರಾಚೀನರು ಹಿಂದುಳಿದವರಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಶ್ವಾಸವನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ತಮಕಶ್ವಾಸದ ಲಕ್ಷಣಗಳನ್ನು ವಿಸ್ತಾರವಾಗಿ ಹೇಳಿದೆ: ರೋಗಿ ಮಲಗಲಾರನು, ಕುಳಿತರೆ ಅವನಿಗೆ ಸುಖ, ಬಿಸಿಯಾದುದು ಹಿತ, ಮೋಡ, ನೀರು, ಚಳಿ, ಮೂಡಣ ಗಾಳಿ ಇವುಗಳಿಂದ ರೋಗ ಕೆರಳುತ್ತದೆ. ಇಂದಿನ ವೈದ್ಯರು ಆಸ್ತಮಾ ಎನ್ನುವುದರ ಚಿತ್ರ ಬಹುಮಟ್ಟಿಗೆ ಇದೇ. ಮೂಡಣ ಗಾಳಿಯ ಮಾತನ್ನು ನಮ್ಮ ಕರಾವಳಿಯವರು ತಿದ್ದಿಕೊಂಡು ಓದಬೇಕಾಗುವುದು. ಭಟ್ಕಳಕ್ಕೂ ಕುಮಟೆಗೂ ಥಂಡಿಯನ್ನು ಹೊತ್ತು ತರುವ ಗಾಳಿ ಪಡುವಣದ್ದು.

ಮಕ್ಕಳ ವಿಷಯದಲ್ಲಿ ಇನ್ನೂ ಮಹತ್ತ್ವದ ಗ್ರಂಥ ಕಾಶ್ಯಪಸಂಹಿತೆ. ನೇಪಾಳದಲ್ಲಿ ಹೇಮರಾಜ ಶರ್ಮರಿಗೆ ದೊರೆತ ಅಪೂರ್ಣ ಹಸ್ತಪ್ರತಿಯ ಆಧಾರದಿಂದ ಅದು ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ 1938ರಲ್ಲಿ ಅಚ್ಚಾಯಿತು. ಅದರ ಸೂತ್ರಸ್ಥಾನದಲ್ಲಿ ವೇದನಾಧ್ಯಾಯವೆಂಬ ಒಂದು ಪ್ರಕರಣವಿದೆ. ಮಾತು ಬಾರದ ಕೂಸಿನ ನೋವನ್ನು ವೈದ್ಯನು ಹೇಗೆ ಅರಿಯಬೇಕು ಎಂಬುದೇ ಅಲ್ಲಿಯ ಪ್ರಶ್ನೆ. ತಲೆನೋವಿದ್ದರೆ ಕೂಸು ಏನು ಮಾಡುತ್ತದೆ, ಕಿವಿ ನೋಯುತ್ತಿದ್ದರೆ ಏನು, ಶ್ವಾಸವಿದ್ದರೆ ಎದೆಯಿಂದ ಬಿಸಿಯುಸಿರು ಹೇಗೆ ಹೊರಡುತ್ತದೆ ಎಂದು ಒಂದೊಂದಾಗಿ ಹೇಳಿದೆ. ರೋಗಿ ಸಹಕರಿಸಲಾರನು, ಹೇಳಿದಂತೆ ಮಾಡಲಾರನು, ಆದರೂ ಪರೀಕ್ಷೆ ನಡೆಯಬೇಕು ಎಂಬ ಈ ತೊಡಕು ಇಪ್ಪತ್ತನೆಯ ಶತಮಾನದ ಯಂತ್ರಶಾಸ್ತ್ರಜ್ಞರನ್ನೂ ಕಾಡಿತೆಂಬುದನ್ನು ಮುಂದೆ ನೋಡಲಿರುವೆವು.

1801ರ ಆರಂಭದ ತಿಂಗಳುಗಳಲ್ಲಿ ಫ್ರಾನ್ಸಿಸ್ ಬುಕಾನನ್ ಈ ಕರಾವಳಿಯ ಮೂಲಕ ಹಾದುಹೋದನು. ಅವನು ಎಡಿನ್‌ಬರೋದಲ್ಲಿ ವೈದ್ಯವಿದ್ಯೆ ಕಲಿತವನು. ಆದರೂ 1807ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಲ್ಲಿ ಪ್ರಧಾನವಾಗಿರುವುದು ಗದ್ದೆ, ತೋಟ, ತೆರಿಗೆ, ಬೆಲೆಗಳ ವಿವರ. ಕುಂಪಣಿಯವರು ಅವನನ್ನು ಕಳುಹಿದ್ದು ಅದಕ್ಕಾಗಿಯೇ. ಮೇಲಾಗಿ ಅವನು ಬಂದದ್ದು ಬೇಸಗೆಯ ಬಾಗಿಲಲ್ಲಿ. ಆಷಾಢದಲ್ಲಿ ಬಂದಿದ್ದರೆ ಅವನ ವೈದ್ಯಕಿವಿಗೆ ಬೇರೆಯೇ ಸದ್ದುಗಳು ಬೀಳುತ್ತಿದ್ದವೇನೋ. ಇದೇ ಕಾಲದಲ್ಲಿ, 1802ರ ಸುಮಾರಿಗೆ, ಮದರಾಸಿನ ವೈದ್ಯಾಧಿಕಾರಿ ಆಂಡರ್ಸನ್ನನ ಮೂಲಕ ದತ್ತೂರದ ಹೊಗೆಯನ್ನು ಉಬ್ಬಸಕ್ಕೆ ಸೇದುವ ದಕ್ಷಿಣ ಭಾರತದ ಪದ್ಧತಿ ಇಂಗ್ಲೆಂಡಿಗೆ ತಲುಪಿತು. ಕೊಂಚ ಕಾಲದಲ್ಲಿ ಅದು ಅಲ್ಲಿ ರೂಢಿಯ ಮದ್ದಾಯಿತು. ಹೀಗೆ ಉಬ್ಬಸದ ಒಂದು ಮದ್ದು ನಮ್ಮ ಕಡೆಯಿಂದ ಅಲ್ಲಿಗೆ ಹೋದ ಬಹುಕಾಲಾನಂತರ ಉಬ್ಬಸವನ್ನು ಅಳೆಯುವ ಯಂತ್ರ ಅಲ್ಲಿಂದ ಇಲ್ಲಿಗೆ ಬಂದಿತು. ಮಕ್ಕಳಿಗಂತೂ ದತ್ತೂರ ವಿಷವೇ ಸರಿ. ಆ ಮಾತನ್ನು ಇಲ್ಲಿ ಹೇಳದೆ ಮುಂದುವರಿಯುವುದು ಉಚಿತವಲ್ಲ.

ಆ ಯಂತ್ರದ ಕರ್ತೃ ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್. 1846ರಲ್ಲಿ ಅವನು ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಜನರ ಉಸಿರಿನ ಅಳತೆಗಳಿದ್ದವು. ನೀರಿನಲ್ಲಿ ಮಗುಚಿಟ್ಟ ಗಂಟೆಯಾಕಾರದ ಪಾತ್ರೆಯೊಳಕ್ಕೆ ಮನುಷ್ಯನು ತುಂಬಿದ ಎದೆಯನ್ನು ಬರಿದಾಗುವವರೆಗೆ ಊದಿದರೆ, ಪಾತ್ರೆ ಮೇಲೆದ್ದ ಪ್ರಮಾಣವೇ ಅವನ ಉಸಿರಿನ ಪ್ರಮಾಣ. ಇದನ್ನು ಅವನು ವೈಟಲ್ ಕೆಪಾಸಿಟಿ ಎಂದು ಕರೆದನು. ಅದು ಮನುಷ್ಯನ ಎತ್ತರವನ್ನು ಅನುಸರಿಸಿ ಏರುತ್ತದೆಂಬ ಅವನ ಶೋಧ ಇಂದಿಗೂ ನಿಂತಿದೆ. ನಾವಿಕರು, ಬೆಂಕಿ ಆರಿಸುವವರು, ಪೊಲೀಸರು, ಕುಸ್ತಿಯವರು, ದರಿದ್ರಾಲಯದವರು, ಸಭ್ಯಗೃಹಸ್ಥರು ಹೀಗೆ ಅವನು ಅಳೆದವರ ಪಟ್ಟಿ ವಿಚಿತ್ರವಾಗಿದೆ. ಜೀವವಿಮೆಯ ಕಂಪೆನಿಗಳಿಗೆ ಈ ಅಳತೆ ಉಪಯೋಗವಾಗುವುದೆಂದು ಅವನ ಆಸೆಯಿದ್ದಿತು. ವಿಮೆ ಮಾಡಿಸುವ ವಯಸ್ಸು ಶಿಶುಗಳದಲ್ಲವಷ್ಟೆ. ಶ್ವಾಸಮಾಪನದ ವಿದ್ಯೆ ಹುಟ್ಟುವಾಗಲೇ ದೊಡ್ಡವರದಾಗಿ ಹುಟ್ಟಿತು.

ಈ ಹೊತ್ತಿಗೆ ಕುಮಟಾ ಬಂದರು ಧಾರವಾಡದ ಹತ್ತಿಯನ್ನು ಹಡಗಿಗೇರಿಸಿ, ಆ ಹತ್ತಿಗೇ ತನ್ನ ಹೆಸರನ್ನು ಕೊಟ್ಟು ಮುಂಬಯಿ, ಲಿವರ್‌ಪೂಲುಗಳವರೆಗೆ ಪ್ರಸಿದ್ಧವಾಗುತ್ತಲಿದ್ದಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. ಗಡಿ ಬಿದ್ದದ್ದು ಭಟ್ಕಳಕ್ಕೂ ಶಿರೂರಿಗೂ ನಡುವೆ. ಈ ಗಡಿಯ ರಾಜಕೀಯ ಪರಿಣಾಮಗಳನ್ನು ಅನೇಕ ವಿದ್ವಾಂಸರು ಬರೆದಿದ್ದಾರೆ. ನಮ್ಮ ಪ್ರಸ್ತುತ ವಿಷಯಕ್ಕೂ ಅದು ತಾಗುತ್ತದೆಂಬುದನ್ನು ಇಲ್ಲಿ ತೋರಿಸಬೇಕಾಗಿದೆ.

ಭಾರತೀಯರ ಉಸಿರಿನ ಪ್ರಮಾಣವನ್ನು ಕುರಿತ ಮೊದಮೊದಲ ವ್ಯವಸ್ಥಿತ ಲೆಕ್ಕಗಳು ಹುಟ್ಟಿದ್ದು ಈ ಎರಡು ಪ್ರಾಂತಗಳ ರಾಜಧಾನಿಗಳಲ್ಲಿಯೇ. ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನ ಎಸ್. ಎಲ್. ಭಾಟಿಯಾ 1929ರಲ್ಲಿ ಈ ವಿಷಯವಾಗಿ ಬರೆದರು. ಅವರು ಮುಂದೆ ಬೆಂಗಳೂರಿನಲ್ಲಿ ನೆಲೆಸಿ ವೈದ್ಯಚರಿತ್ರೆಯ ಅಧ್ಯಯನಕ್ಕೆ ದುಡಿದರು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯಚರಿತ್ರೆಯ ಸಂಗ್ರಹಾಲಯ ಅವರ ಹೆಸರನ್ನು ಹೊತ್ತಿದೆ. ಮದರಾಸಿನಲ್ಲಿ 1932ರ ಸುಮಾರಿಗೆ ಕೃಷ್ಣನ್ ಮತ್ತು ವರೀದ್ ಎಂಬವರು ದಕ್ಷಿಣ ಭಾರತದ 103 ಮಂದಿ ವೈದ್ಯವಿದ್ಯಾರ್ಥಿಗಳನ್ನು ಅಳೆದರು. ಎಲಿನರ್ ಮೇಸನ್ ದಕ್ಷಿಣ ಭಾರತದ ಸ್ತ್ರೀಯರಿಗೆ ಪ್ರತ್ಯೇಕ ಕೋಷ್ಟಕವನ್ನು ರಚಿಸಿದಳು. ಹೀಗೆ ಭಟ್ಕಳದವನಿಗೆ ಮುಂಬಯಿಯ ಅಂಕೆ, ಕೆಲವೇ ಮೈಲಿ ದಕ್ಷಿಣಕ್ಕಿರುವ ಬೈಂದೂರಿನವನಿಗೆ ಮದರಾಸಿನ ಅಂಕೆ ಎಂಬಂತಾಯಿತು. ಅಳೆಸಿಕೊಂಡವರಲ್ಲಿ ಹಳ್ಳಿಯ ಬೆಸ್ತರೂ ಇಲ್ಲ, ಉಪ್ಪಿನಾಗರದ ಕೂಲಿಯವರೂ ಇಲ್ಲ. ಓದುವ ತರುಣರು ಹತ್ತಿರದಲ್ಲಿದ್ದರು, ಹೇಳಿದಂತೆ ಊದಿದರು. ಮಕ್ಕಳ ಮಾತು ಎತ್ತಲೇ ಬೇಕಾಗಿಲ್ಲ.

ಈ ಲೆಕ್ಕಗಳ ಫಲಿತಾಂಶ ಪಾಶ್ಚಾತ್ಯರ ಅಂಕೆಗಳಿಗಿಂತ ಕಡಿಮೆಯಾಗಿ ಬಂದಿತು. ಕಡಿಮೆಯೇಕೆ ಎಂಬ ಪ್ರಶ್ನೆಗೆ ಆ ಕಾಲ ಸುಲಭವಾಗಿ ಒಪ್ಪಿದ ಉತ್ತರವೆಂದರೆ ಜನಾಂಗ. ಅಮೆರಿಕದಲ್ಲಿ ಗುಲಾಮಗಿರಿಯ ಸಮರ್ಥಕರು ಕರಿಯರ ಉಸಿರು ಹುಟ್ಟಿನಿಂದಲೇ ಕಿರಿದೆಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ವಾದಿಸಿದ್ದರು. ಅದರ ನೆರಳು ಯಂತ್ರಗಳೊಳಗೂ ಹೊಕ್ಕಿತು. ಬಿಳಿಯರ ಕೋಷ್ಟಕವನ್ನು ತೆಗೆದುಕೊಂಡು, ಅನ್ಯಜನಾಂಗದವರಿಗೆ ಅದನ್ನು ಶೇಕಡಾ ಹತ್ತರಷ್ಟೋ ಅದಕ್ಕೂ ಹೆಚ್ಚಾಗಿಯೋ ತಗ್ಗಿಸಿ ಓದುವ ರೂಢಿ ಬಹುಕಾಲ ನಡೆಯಿತು. ತಗ್ಗಿಸಿದ ಕೋಷ್ಟಕದಲ್ಲಿ ರೋಗಿ ಎಷ್ಟೋ ಸಲ ಆರೋಗ್ಯವಂತನಾಗಿ ಕಾಣುತ್ತಾನೆ. ತಗ್ಗಿಸದೆ ಹೋದರೆ ಆರೋಗ್ಯವಂತನೇ ರೋಗಿಯಾಗಿ ಕಾಣುವ ಭಯವೂ ಇಲ್ಲದಿಲ್ಲ.

ಉಬ್ಬಸಕ್ಕೆ ಸಂಬಂಧಿಸಿದಂತೆ ನಿಜವಾದ ಹೆಜ್ಜೆ ಬಿದ್ದದ್ದು 1947ರಲ್ಲಿ. ಒಟ್ಟು ಎಷ್ಟು ಗಾಳಿ ಎಂಬುದಕ್ಕಿಂತ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಹೊರಬಿತ್ತು ಎಂಬುದನ್ನು ನೋಡಬೇಕೆಂದು ಪ್ಯಾರಿಸ್ಸಿನ ಟಿಫನೋ ಮತ್ತು ಪಿನೆಲ್ಲಿ ತೋರಿಸಿದರು. ಉಬ್ಬಸದಲ್ಲಿ ಚೀಲ ಕಿರಿದಾಗುವುದಕ್ಕಿಂತ ಕೊಳವೆ ಇಕ್ಕಟ್ಟಾಗುವುದೇ ಹೆಚ್ಚು. ಆದುದರಿಂದ ಮೊದಲ ಸೆಕೆಂಡಿನ ಪ್ರಮಾಣವನ್ನು ಒಟ್ಟು ಪ್ರಮಾಣದಿಂದ ಭಾಗಿಸಿದಾಗ ಬರುವ ಅನುಪಾತ ತಗ್ಗುತ್ತದೆ. ಈ ಅನುಪಾತವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬೆಂಗಳೂರಿನ ವಿಚಾರ ಬಂದಾಗ ವಾದವೆಲ್ಲ ಇದರ ಮೇಲೆಯೇ ನಿಲ್ಲುತ್ತದೆ. 1959ರಲ್ಲಿ ಮಾರ್ಟಿನ್ ರೈಟ್ ಮತ್ತು ಮೆಕ್ಕೆರೋ ಪ್ರಕಟಿಸಿದ ಪೀಕ್ ಫ್ಲೋ ಮೀಟರ್, ಉಸಿರು ಹೊರನುಗ್ಗುವ ಗರಿಷ್ಠ ವೇಗವನ್ನು ಮುಳ್ಳಿನಿಂದ ತೋರಿಸಿತು. ಅದು ರೂಪುಗೊಂಡದ್ದು ವೇಲ್ಸಿನ ಕಲ್ಲಿದ್ದಲ ಗಣಿಯವರ ರೋಗಗಳನ್ನು ಪರಿಶೀಲಿಸುವ ಸಂಸ್ಥೆಯಲ್ಲಿ. ಕೈಯಲ್ಲಿ ಹಿಡಿಯುವ ಅದರ ಕಿರಿಯ ರೂಪ 1978ರಲ್ಲಿ ಬಂದಿತು. ಅಗ್ಗವಾದ ಈ ಕೊಳವೆಯೇ ನಮ್ಮ ತಾಲ್ಲೂಕು ಪೇಟೆಗಳ ವೈದ್ಯರ ಮೇಜಿನವರೆಗೆ ಬರಬಲ್ಲದ್ದಾಯಿತು.

ಮಕ್ಕಳಿಗಾಗಿ ಕೋಷ್ಟಕಗಳು ಬರಲಾರಂಭಿಸಿದ್ದು ಇದರ ಅನಂತರ. ಇಂಗ್ಲೆಂಡಿನಲ್ಲಿ ಗಾಡ್‌ಫ್ರೇ ಮತ್ತು ಸಂಗಡಿಗರು 1970ರಲ್ಲಿ ಐದರಿಂದ ಹದಿನೆಂಟು ವರ್ಷದವರಿಗೆ ಅಂಕೆಗಳನ್ನು ಕೊಟ್ಟರು. 1971ರಲ್ಲಿ ಅಮೆರಿಕದಲ್ಲಿ ಪೋಲ್ಗಾರ್ ಮತ್ತು ಪ್ರೊಮಾಧತ್ ಬರೆದ ಗ್ರಂಥ ದೀರ್ಘಕಾಲ ಕೈಪಿಡಿಯಾಗಿ ನಿಂತಿತು. ದಕ್ಷಿಣ ಭಾರತದ ಮಕ್ಕಳಿಗೆ ಮದರಾಸಿನ ಕ್ಷಯರೋಗ ಸಂಶೋಧನ ಕೇಂದ್ರದ ವಿಜಯನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಕೋಷ್ಟಕ ಏಳು ವರ್ಷದಿಂದ ಹತ್ತೊಂಬತ್ತರವರೆಗಿನದು. ಏಳಕ್ಕೆ ಕೆಳಗಿನವರು ಅಲ್ಲಿಯೂ ಹೊರಗೇ ಉಳಿದರು.

ಅಷ್ಟರಲ್ಲಿ ಕರ್ನಾಟಕದಲ್ಲಿ ರೋಗ ಏರುತ್ತಿರುವ ಸುದ್ದಿ ಬೆಂಗಳೂರಿನಿಂದ ಬಂದಿತು. ಮಕ್ಕಳ ಶ್ವಾಸರೋಗತಜ್ಞ ಎಚ್. ಪರಮೇಶ್ ಅವರು 2002ರಲ್ಲಿ ಪ್ರಕಟಿಸಿದಂತೆ, 18 ವರ್ಷದೊಳಗಿನ 20,000 ಮಕ್ಕಳಲ್ಲಿ ಆಸ್ತಮಾದ ಪ್ರಮಾಣ 1979ರಲ್ಲಿ ಶೇಕಡಾ 9 ಇದ್ದದ್ದು 1984ರಲ್ಲಿ 10.5, 1989ರಲ್ಲಿ 18.5, 1994ರಲ್ಲಿ 24.5, 1999ರಲ್ಲಿ 29.5 ಆಯಿತು. ಇವು ಆಸ್ಪತ್ರೆಗೆ ಬಂದ ಮಕ್ಕಳ ಅಂಕೆಗಳು. ಊರಿನ ಎಲ್ಲ ಮಕ್ಕಳಿಗೂ ಇವನ್ನು ಅನ್ವಯಿಸಿ ಮಾತನಾಡುವುದು ಪತ್ರಿಕೆಗಳಲ್ಲಿ ಕಂಡುಬರುವ ಅವಸರ. ಆದರೂ ಇಪ್ಪತ್ತು ವರ್ಷ ಒಂದೇ ದಿಕ್ಕಿನಲ್ಲಿ ಏರಿದ ಸಾಲನ್ನು ಕಡೆಗಣಿಸುವಂತಿಲ್ಲ.

ಐದಕ್ಕೆ ಕೆಳಗಿನ ಮಗು ಏಕೆ ಹೊರಗುಳಿಯಿತು? ಹಟ, ಭಯ, ಆಟ ಇವು ಮೇಲಿನ ಕಾರಣಗಳು. ನಾವು ಕುಮಟೆಯ ಒಂದು ಹೊರರೋಗಿ ವಿಭಾಗದಲ್ಲಿ ಮಳೆಗಾಲದ ಒಂದು ಬೆಳಗ್ಗೆ ಕುಳಿತಿದ್ದೆವು. ನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ಪೀಕ್ ಫ್ಲೋ ಕೊಳವೆಯನ್ನು ಕೊಟ್ಟು ಜೋರಾಗಿ ಊದೆಂದರೆ ಅವಳು ಎಳನೀರಿನ ನಳಿಗೆಯೆಂದು ತಿಳಿದು ಹೀರಿದಳು. ಎರಡನೆಯ ಸಲ ಊದಿದಳು, ಆದರೆ ಕೆನ್ನೆಯಿಂದ, ಎದೆ ಅಲುಗಲಿಲ್ಲ. ಮೂರನೆಯ ಸಲ ಕೊಳವೆಯನ್ನು ತಾಯಿಯ ಬಾಯಿಗಿಟ್ಟು ತಾನು ನಕ್ಕಳು. ವೈದ್ಯರೂ ನಕ್ಕು, ಕೊಳವೆಯನ್ನು ಎತ್ತಿಟ್ಟು, ಎದೆಗೆ ಕಿವಿಗೊಳವೆಯನ್ನಿಟ್ಟರು.

ಆದರೆ ಆಳದ ಕಾರಣ ದೇಹರಚನೆಯಲ್ಲಿದೆ. ಎಳೆಯ ಮಗುವಿನಲ್ಲಿ ಶ್ವಾಸಕೋಶದ ಗಾತ್ರಕ್ಕೆ ಹೋಲಿಸಿದರೆ ಶ್ವಾಸನಾಳಗಳು ಅಗಲವಾಗಿಯೇ ಇರುತ್ತವೆ. ದೊಡ್ಡವನು ಹಲವು ಸೆಕೆಂಡು ಊದಿ ಬರಿದುಮಾಡುವ ಎದೆಯನ್ನು ಮಗು ಒಂದು ಸೆಕೆಂಡಿನ ಆಸುಪಾಸಿನಲ್ಲಿಯೇ ಬರಿದುಮಾಡಿಬಿಡುತ್ತದೆ. ಹಾಗಾದ ಮೇಲೆ ಮೊದಲ ಸೆಕೆಂಡಿನ ಪ್ರಮಾಣ, ಒಟ್ಟು ಪ್ರಮಾಣ ಎಂಬ ಭೇದಕ್ಕೆ ಅರ್ಥವೆಲ್ಲಿ? 2007ರಲ್ಲಿ ಅಮೆರಿಕ ಮತ್ತು ಯುರೋಪಿನ ಶ್ವಾಸವೈದ್ಯ ಸಂಘಗಳು ಶಾಲೆಗೆ ಸೇರದ ವಯಸ್ಸಿನ ಮಕ್ಕಳ ಪರೀಕ್ಷೆಗಳ ವಿಷಯದಲ್ಲಿ ಜಂಟಿಯಾಗಿ ಹೇಳಿಕೆ ಹೊರಡಿಸಿದಾಗ, ಅರ್ಧ ಸೆಕೆಂಡಿನ ಮತ್ತು ಮುಕ್ಕಾಲು ಸೆಕೆಂಡಿನ ಪ್ರಮಾಣಗಳನ್ನು ಗಣನೆಗೆ ತಂದವು. ತೆರೆಯ ಮೇಲೆ ಉರಿಯುವ ಮೇಣದಬತ್ತಿಗಳ ಚಿತ್ರ ತೋರಿಸಿ, ಊದಿ ಆರಿಸೆಂದು ಮಗುವನ್ನು ಹುರಿದುಂಬಿಸುವ ಉಪಾಯವೂ ಬಳಕೆಗೆ ಬಂದಿತು.

ಇನ್ನೊಂದು ದಾರಿ, ಊದಿಸದೆಯೇ ಅಳೆಯುವುದು. 1927ರಲ್ಲಿ ಫಾನ್ ನೇರ್ಗಾರ್ಡ್ ಮತ್ತು ವಿರ್ಟ್ಸ್ ಉಸಿರಾಟದ ನಡುವೆ ಗಾಳಿಯ ದಾರಿಯನ್ನು ಕ್ಷಣಕಾಲ ಮುಚ್ಚಿ, ಬಾಯಲ್ಲಿ ಏರುವ ಒತ್ತಡದಿಂದ ನಾಳಗಳ ತಡೆಯನ್ನು ಲೆಕ್ಕಹಾಕುವ ಕ್ರಮವನ್ನು ವಿವರಿಸಿದ್ದರು. 1956ರಲ್ಲಿ ಡುಬಾಯ್ಸ್ ಮತ್ತು ಸಂಗಡಿಗರು ಬೇರೊಂದು ಕ್ರಮವನ್ನು ಪ್ರಕಟಿಸಿದರು: ರೋಗಿ ಸುಮ್ಮನೆ ಉಸಿರಾಡುತ್ತಿರುವಾಗ ಯಂತ್ರವು ಬಾಯಿಯ ಮೂಲಕ ಸಣ್ಣ ಒತ್ತಡದ ಅಲೆಗಳನ್ನು ಕಳುಹಿಸುತ್ತದೆ, ಅಲೆ ಮರಳುವ ಬಗೆಯಿಂದ ನಾಳಗಳು ಎಷ್ಟು ಇಕ್ಕಟ್ಟೆಂದು ತಿಳಿಯುತ್ತದೆ. ಮೂಗಿಗೊಂದು ಚಿಮುಟ, ಕೆನ್ನೆ ಅದುರದಂತೆ ಹಿಡಿಯಲು ತಾಯಿಯ ಅಥವಾ ದಾದಿಯ ಎರಡು ಅಂಗೈ, ಅರ್ಧ ನಿಮಿಷದ ತಾಳ್ಮೆ. ಮಗುವಿನಿಂದ ಕೇಳುವುದು ಇಷ್ಟೇ. ಆಸಿಲೊಮೆಟ್ರಿ ಎಂದು ಕರೆಯಲ್ಪಡುವ ಈ ಪರೀಕ್ಷೆ ಮೂರು, ನಾಲ್ಕು ವರ್ಷದ ಮಕ್ಕಳಲ್ಲಿಯೂ ಬಹುಮಟ್ಟಿಗೆ ಸಾಧ್ಯವಾಗುತ್ತದೆ. ವೇದನಾಧ್ಯಾಯದ ಕರ್ತೃವಿಗೆ ಇದು ಮೆಚ್ಚುಗೆಯಾಗುತ್ತಿತ್ತು. ಡುಬಾಯ್ಸನ ಲೇಖನ ಬಂದ ವರ್ಷವೇ, ನವೆಂಬರ್ 1ರಂದು, ಉತ್ತರ ಮತ್ತು ದಕ್ಷಿಣ ಕನ್ನಡಗಳೆರಡೂ ಮೈಸೂರು ರಾಜ್ಯದಲ್ಲಿ ಒಂದಾಗಿ ಶಿರೂರಿನ ಪ್ರಾಂತಗಡಿ ಅಳಿದುಹೋಯಿತೆಂಬುದು ಕಾಕತಾಳೀಯ.

ಗಡಿ ಅಳಿದರೂ ಅಳತೆಗೋಲಿನ ಪ್ರಶ್ನೆ ಅಳಿಯಲಿಲ್ಲ. 2012ರಲ್ಲಿ ಜಾಗತಿಕ ಶ್ವಾಸಕಾರ್ಯ ಉಪಕ್ರಮವೆಂಬ ವಿದ್ವತ್ಸಮೂಹವು 26 ದೇಶಗಳ 74,187 ಆರೋಗ್ಯವಂತರ ಅಳತೆಗಳಿಂದ ಮೂರು ವರ್ಷದಿಂದ ತೊಂಬತ್ತೈದರವರೆಗಿನ ಕೋಷ್ಟಕವನ್ನು ಸಿದ್ಧಪಡಿಸಿತು. ಮೂರು ವರ್ಷದ ಮಗುವಿಗೂ ಅದರಲ್ಲಿ ಸ್ಥಾನ ದೊರೆತದ್ದು ದೊಡ್ಡ ಮಾತು. ಆದರೆ ಅದರಲ್ಲಿ ಹೆಸರಿಸಿದ ನಾಲ್ಕು ಜನಸಮೂಹಗಳಲ್ಲಿ ಭಾರತೀಯರು ಇರಲಿಲ್ಲ. ಈ ಉಪಖಂಡದಿಂದ ಬಂದ ಅಂಕೆಗಳು ಒಂದಕ್ಕೊಂದು ಹೊಂದಲಿಲ್ಲ. ಕೋಟ್ಯಂತರ ಜನರು ಇತರರೆಂಬ ಕಂಬಸಾಲಿಗೆ ಸೇರಬೇಕಾಯಿತು.

ಅಂಕೆಗಳು ಹೊಂದಲಿಲ್ಲವೇಕೆ ಎಂಬುದಕ್ಕೆ ಉತ್ತರದ ಬೆಳಕು ಕರ್ನಾಟಕದಿಂದಲೇ ಬಂದಿತೆಂಬುದು ನಮಗೆ ಅಭಿಮಾನದ ಸಂಗತಿ. ಲಂಡನ್ನಿನ ಸಮತಾ ಸೊನ್ನಪ್ಪ ಮತ್ತು ಬೆಂಗಳೂರಿನ ವೈದ್ಯರೂ ಸೇರಿದ ಒಂದು ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಗರ, ಅರೆನಗರ, ಹಳ್ಳಿಗಳ ಶಾಲೆಗಳ ಐದರಿಂದ ಹನ್ನೆರಡು ವರ್ಷದ 728 ಆರೋಗ್ಯವಂತ ಮಕ್ಕಳನ್ನು, ಇಂಗ್ಲೆಂಡಿನಲ್ಲಿ ಬೆಳೆಯುತ್ತಿದ್ದ 311 ಭಾರತೀಯ ಮೂಲದ ಮಕ್ಕಳೊಡನೆ ಹೋಲಿಸಿದರು. ಒಟ್ಟಾಗಿ ನೋಡಿದರೆ ಇಲ್ಲಿಯ ಮಕ್ಕಳ ಉಸಿರು ಕಡಿಮೆ. ಬಿಡಿಸಿ ನೋಡಿದರೆ ಚಿತ್ರ ಬೇರೆ: ನಗರದ ಮಕ್ಕಳಿಗೂ ಇಂಗ್ಲೆಂಡಿನ ಭಾರತೀಯ ಮಕ್ಕಳಿಗೂ ವ್ಯತ್ಯಾಸವಿಲ್ಲ. ಅರೆನಗರದವರು ನಗರದವರಿಗಿಂತ ಸುಮಾರು 0.5 ಪ್ರಮಾಣವಿಚಲನೆಯಷ್ಟು, ಹಳ್ಳಿಯವರು ಸುಮಾರು 0.9ರಷ್ಟು ಹಿಂದೆ. ಸಂಖ್ಯಾಶಾಸ್ತ್ರದ ಪರಿಭಾಷೆ ಬಿಟ್ಟು ಹೇಳುವುದಾದರೆ, ಹಳ್ಳಿಯ ಒಂದು ಸರಾಸರಿ ಮಗುವನ್ನು ನಗರದ ನೂರು ಮಕ್ಕಳ ಸಾಲಿನಲ್ಲಿ ನಿಲ್ಲಿಸಿದರೆ ಸರಿಸುಮಾರು ಎಂಬತ್ತು ಮಕ್ಕಳು ಅದಕ್ಕಿಂತ ಮುಂದಿರುತ್ತಾರೆ. ದೇಹದ ತೂಕ, ಮನೆಯ ಸ್ಥಿತಿಗತಿ, ತಂಬಾಕಿನ ಹೊಗೆ, ಸೌದೆ ಬೆರಣಿಗಳ ಹೊಗೆ ಇವು ಈ ಕೊರತೆಯೊಡನೆ ಸಂಬಂಧ ಹೊಂದಿದ್ದವು. 1930ರ ಹೊತ್ತಿಗೆ ಜನಾಂಗವೆಂದು ಕರೆದದ್ದರಲ್ಲಿ ಎಷ್ಟು ಭಾಗ ಒಲೆಯದು, ಎಷ್ಟು ಭಾಗ ಊಟದ್ದು ಎಂದು ಇನ್ನು ಮೇಲೆ ಕೇಳದೆ ಇರುವಂತಿಲ್ಲ.

ಇಲ್ಲಿ ಆ ಅನುಪಾತದ ಮಾತು ಬರುತ್ತದೆ. ಹಳ್ಳಿಯ ಮಕ್ಕಳಲ್ಲಿ ಮೊದಲ ಸೆಕೆಂಡಿನ ಪ್ರಮಾಣವೂ ಒಟ್ಟು ಪ್ರಮಾಣವೂ ಎರಡೂ ತಗ್ಗಿದ್ದವು. ಅವುಗಳ ಅನುಪಾತ ತಗ್ಗಿರಲಿಲ್ಲ. ಅಂದರೆ ಅಲ್ಲಿ ಕಿರಿದಾದದ್ದು ಚೀಲ. ಉಬ್ಬಸದ ಗುರುತು ಕೊಳವೆಯ ಇಕ್ಕಟ್ಟು. ಉಬ್ಬಸವಿರುವ ಹಳ್ಳಿಯ ಮಗುವಿನಲ್ಲಿ ಇವೆರಡೂ ಕೂಡಿ ಬರಬಹುದು. ವೈದ್ಯನು ಒಂದೇ ಅಂಕೆಯನ್ನು ನೋಡಿ ಒಂದೇ ಕಾರಣವನ್ನು ಹೇಳಿದರೆ ಎರಡರಲ್ಲಿ ಒಂದು ಮರೆಯಾಗುತ್ತದೆ: ಕೊರತೆಯೆಲ್ಲ ಉಬ್ಬಸವೆಂದರೆ ಹಸಿವು ಮರೆಯಾಗುತ್ತದೆ, ಕೊರತೆಯೆಲ್ಲ ಹಳ್ಳಿಯವರ ಸ್ವಭಾವವೆಂದರೆ ಉಬ್ಬಸ ಮರೆಯಾಗುತ್ತದೆ.

ಮೈಸೂರಿನಿಂದ ಬಂದ ಇನ್ನೊಂದು ಸಾಕ್ಷ್ಯವನ್ನು, ದಾಖಲೆಗಳ ಮೇಲಿನ ನಮ್ಮ ಪಕ್ಷಪಾತದಿಂದ, ಇಲ್ಲಿ ಸೇರಿಸುತ್ತೇವೆ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟ ಹೆರಿಗೆಯ ಪುಸ್ತಕಗಳು ಉಳಿದುಬಂದಿದ್ದವು. 1934ರಿಂದ 1953ರವರೆಗೆ ಅಲ್ಲಿ ಜನಿಸಿದವರನ್ನು ಹುಡುಕಿ, ನಡುವಯಸ್ಸಿನ 286 ಮಂದಿಯ ಉಸಿರನ್ನು ಅಳೆದು 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರ ಉಸಿರು ನಲವತ್ತು ಐವತ್ತು ವರ್ಷಗಳ ಮೇಲೂ ಕಡಿಮೆಯೇ ಇದ್ದಿತು. ಹೆಸರಿಲ್ಲದ ಯಾವಳೋ ದಾದಿ ಪೌಂಡು ಔನ್ಸುಗಳಲ್ಲಿ ಬರೆದ ಒಂದು ಸಾಲು ಅರ್ಧ ಶತಮಾನದ ಮೇಲೆ ವಿಜ್ಞಾನದ ಆಧಾರವಾಯಿತು.

2022ರ ಹೆಸರಿನಲ್ಲಿ ಬಂದ ಹೊಸ ಜಾಗತಿಕ ಕೋಷ್ಟಕವು ಜನಾಂಗದ ವಿಭಾಗವನ್ನು ಕೈಬಿಟ್ಟಿದೆ. 2023ರಲ್ಲಿ ಅಮೆರಿಕದ ಸಂಘವು ಅದನ್ನೇ ಬಳಸುವಂತೆ ಸೂಚಿಸಿತು. ಇದು ನ್ಯಾಯದ ಹೆಜ್ಜೆಯೆಂದು ನಮ್ಮ ಅಭಿಪ್ರಾಯ. ಆದರೂ ಒಂದೇ ಕೋಷ್ಟಕವು ಬೆಂಗಳೂರಿನ ಬಡಾವಣೆಗೂ ಭಟ್ಕಳದ ಕಡಲಂಚಿನ ಕೇರಿಗೂ ಒಂದೇ ತೆರನಾಗಿ ಸತ್ಯವನ್ನು ಹೇಳುವುದೆಂದು ಮೊದಲೇ ನಂಬಿಬಿಡಲಾಗದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಸೀಮೆಯಲ್ಲಿ ಗೋಡೆ ಬೂಸಲು ಹಿಡಿಯುತ್ತದೆ, ಹಾಸಿಗೆಯಲ್ಲಿ ಧೂಳಿನ ನುಸಿ ಸೊಂಪಾಗಿ ಬೆಳೆಯುತ್ತದೆ, ಒದ್ದೆ ಸೌದೆ ಹೊಗೆಯಾಡುತ್ತದೆ. ಹೊನ್ನಾವರದಲ್ಲಿ ಹವಾಮಾನ ಇಲಾಖೆಯ ವೀಕ್ಷಣಾಲಯವುಂಟು. ಅಲ್ಲಿ ಬೀಳುವ ಮಳೆಯನ್ನು ಕ್ರಮವಾಗಿ ಅಳೆದು ಬರೆಯುತ್ತಾರೆ. ಆ ಮಳೆಯಲ್ಲಿ ನೆನೆದ ಮಗುವಿನ ಉಸಿರಿಗೆ ಅಂತಹ ಪುಸ್ತಕವಿಲ್ಲ.

ಯಂತ್ರಗಳು ಇರುವುದು ದೊಡ್ಡ ಆಸ್ಪತ್ರೆಗಳಲ್ಲಿ. ಈ ಮೂರು ತಾಲ್ಲೂಕುಗಳಲ್ಲಿ ವೈದ್ಯಕೀಯ ಕಾಲೇಜಿಲ್ಲ. ಮಣಿಪಾಲದಲ್ಲಿ 1953ರಲ್ಲಿ, ಹುಬ್ಬಳ್ಳಿಯಲ್ಲಿ 1957ರಲ್ಲಿ, ಜಿಲ್ಲೆಯ ಕೇಂದ್ರವಾದ ಕಾರವಾರದಲ್ಲಿ 2016ರಲ್ಲಿ ಕಾಲೇಜುಗಳು ಆರಂಭವಾದವು. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು ತೊಂಬತ್ತು ಕಿಲೋಮೀಟರು. ಕುಮಟೆಯಿಂದ ಹುಬ್ಬಳ್ಳಿಗೆ ಹೋಗುವುದಾದರೆ ಘಟ್ಟವನ್ನು ಹತ್ತಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಧಾವಿಸುತ್ತಿದ್ದ ಆಂಬ್ಯುಲೆನ್ಸು ಶಿರೂರಿನ ಸುಂಕದಕಟ್ಟೆಯಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟರು. ಹಳೆಯ ಪ್ರಾಂತಗಡಿಯ ಹತ್ತಿರದ ಈ ದುರಂತದ ಮೇಲೆ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಮತ್ತಷ್ಟು ಬಲವಾಯಿತು.

ಹಾಗಾದರೆ ಇಲ್ಲಿಯ ಹಳ್ಳಿಗಳಲ್ಲಿ ಎಳೆಯ ಮಗುವಿನ ಉಸಿರನ್ನು ಯಾರೂ ಅಳೆಯುವುದಿಲ್ಲವೇ? ಅಳೆಯುತ್ತಾರೆ, ಗಡಿಯಾರ ಹಿಡಿದು. ನಿಮಿಷಕ್ಕೆ ಎಷ್ಟು ಉಸಿರೆಂದು ಎಣಿಸುವುದು ನ್ಯುಮೋನಿಯಾದಿಂದ ಮಕ್ಕಳನ್ನು ಉಳಿಸಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಕ್ರಮ: ಎರಡು ತಿಂಗಳಿಂದ ಒಂದು ವರ್ಷದೊಳಗೆ ಐವತ್ತು, ಒಂದರಿಂದ ಐದು ವರ್ಷದೊಳಗೆ ನಲವತ್ತು ಅಥವಾ ಅದಕ್ಕೂ ಹೆಚ್ಚಾದರೆ ವೇಗದ ಉಸಿರು. ಅನೇಕ ಪ್ರಾಣಗಳನ್ನು ಉಳಿಸಿದ ಈ ಸರಳ ಎಣಿಕೆಗೆ ಒಂದು ದೋಷವುಂಟು. ಉಬ್ಬಸದ ಮಗುವೂ ಬೇಗಬೇಗನೆ ಉಸಿರಾಡುತ್ತದೆ. ಎಣಿಕೆ ಅದನ್ನೂ ನ್ಯುಮೋನಿಯಾದ ಲೆಕ್ಕಕ್ಕೆ ಸೇರಿಸುತ್ತದೆ. ಹೀಗೆ ಮಳೆಗಾಲದಿಂದ ಮಳೆಗಾಲಕ್ಕೆ ಸೋಂಕಿನ ಔಷಧವನ್ನು ಕುಡಿದು, ಉಬ್ಬಸದ ಔಷಧವನ್ನು ಕಾಣದೆ ಬೆಳೆಯುವ ಮಕ್ಕಳುಂಟು. ಆದುದರಿಂದಲೇ ಸಿಳ್ಳೆಯ ಸದ್ದಿರುವ ಮಗುವಿಗೆ ಮೊದಲು ನಾಳ ಹಿಗ್ಗಿಸುವ ಔಷಧದ ಆವಿಯನ್ನು ಮೂರು ಸಲದವರೆಗೆ ಕೊಟ್ಟು, ಮತ್ತೆ ಎಣಿಸಿ, ಅನಂತರ ನಿರ್ಧರಿಸಬೇಕೆಂದು ಅದೇ ಸಂಸ್ಥೆಯ ಕೈಪಿಡಿ ಹೇಳುತ್ತದೆ. ಔಷಧ ಕೊಟ್ಟು ಇಳಿಯಿತೇ ಎಂದು ನೋಡುವ ಇದೂ ಒಂದು ಶ್ವಾಸಪರೀಕ್ಷೆಯೇ; ಐದು ವರ್ಷದೊಳಗಿನವರಲ್ಲಿ ಇಂದಿಗೂ ವೈದ್ಯರು ಬಹುಮಟ್ಟಿಗೆ ರೋಗದ ನಡೆಯನ್ನೂ ಔಷಧದ ಫಲವನ್ನೂ ನೋಡಿಯೇ ಆಸ್ತಮಾವನ್ನು ನಿಶ್ಚಯಿಸುತ್ತಾರೆ. ಅದಕ್ಕೆ ಬೇಕಾದುದು ಒಂದು ಸಾಲ್ಬುಟಮಾಲ್ ಡಬ್ಬಿ, ಮುಖಕವಚವುಳ್ಳ ಒಂದು ಅಂತರಕೊಳವೆ, ಇಪ್ಪತ್ತು ನಿಮಿಷ ಕಾಯುವಷ್ಟು ಪುರಸೊತ್ತು. ಮೂರನೆಯದೇ ಹೊರರೋಗಿ ವಿಭಾಗಗಳಲ್ಲಿ ದುರ್ಲಭವೆಂದು ತೋರುತ್ತದೆ.

ಕರಾವಳಿಯ ಮಕ್ಕಳಿಗೆ ತಮ್ಮದೇ ಕೋಷ್ಟಕವೊಂದು ಬೇಕಾದರೆ ಶಾಲೆಗಳಿಂದ ತೊಡಗಬೇಕಾಗುವುದು. 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿ ಹುಡುಗಿಯರಿಗೆ ಹದಿಮೂರು, ಹುಡುಗರಿಗೆ ಇಪ್ಪತ್ತಮೂರು ಪಾಠಶಾಲೆಗಳನ್ನು ಕಂಡನೆಂದು ಬರೆದಿದ್ದಾನೆ. ಮಕ್ಕಳನ್ನು ಎಣಿಸಬೇಕಾದರೆ ಶಾಲೆಗೆ ಹೋಗಬೇಕೆಂಬುದು ಅವನಿಗೂ ಹೊಳೆದಿದ್ದಿತು. ಎತ್ತರ, ತೂಕ, ಮನೆಯ ಒಲೆ ಯಾವುದು, ಮನೆಯಲ್ಲಿ ಸೇದುವವರುಂಟೇ ಎಂಬಿಷ್ಟನ್ನು ಉಸಿರಿನ ಜೊತೆ ಬರೆದುಕೊಳ್ಳಬೇಕು. ಹುಟ್ಟುವಾಗಿನ ತೂಕಕ್ಕೆ ಮೈಸೂರಿನಂತಹ ಹಳೆಯ ಹೆರಿಗೆಯ ಪುಸ್ತಕಗಳನ್ನು ಅರಸಬೇಕಾಗಿಲ್ಲ. ಕರ್ನಾಟಕದ ಸರಕಾರಿ ವ್ಯವಸ್ಥೆಯಲ್ಲಿ ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಅದು ದಾಖಲಾಗುತ್ತದೆ. ನಾವು ಕುಮಟೆಯಲ್ಲಿ ಕಂಡ ಹುಡುಗಿಯ ತಾಯಿ ಆ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದಳು. ಲಸಿಕೆಗಳೆಲ್ಲ ಮುಗಿದು ಮಗು ಶಾಲೆಗೆ ಸೇರಿದ ಮೇಲೆ ಅದನ್ನು ಜೋಪಾನವಾಗಿಡುವವರು ವಿರಳ. ಮಗು ಕೊಳವೆಯನ್ನು ಸರಿಯಾಗಿ ಊದಲು ಕಲಿಯುವುದೂ ಆ ವಯಸ್ಸಿನಲ್ಲಿಯೇ.